9ನೇ ಕ್ಲಾಸಿನ ಮಗಳು ಊಟ ಬಿಡುತ್ತಿದ್ದಾಳೆ, ‘ದಪ್ಪ ಆಗಿದ್ದೀನಿ’ ಅಂತಾಳೆ. ಏನು ಮಾಡೋದು?

ಬೆಣ್ಣೆದೋಸೆ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 14 ವರ್ಷ. ಬೆಳಗ್ಗೆ ಎದ್ದ ತಕ್ಷಣ ‘ಅಮ್ಮ, ತಿಂಡಿ ಏನು’ ಅಂತ ಅಡುಗೆಮನೆಗೆ ಬರುತ್ತಿದ್ದ ಹುಡುಗಿ. ಈಗ ಸಂಜೆ ಟಿಫಿನ್ ಬಾಕ್ಸ್ ತೆಗೆದರೆ ಪಲ್ಯ ಖಾಲಿ, ಚಪಾತಿ ಮಡಚಿದ್ದು ಮಡಚಿದ ಹಾಗೇ ಇರುತ್ತದೆ. ರಾತ್ರಿ ಅನ್ನ ಮುಟ್ಟುವುದಿಲ್ಲ. ಕೇಳಿದರೆ ‘ಹಸಿವಿಲ್ಲ’. ಶಾಲೆಯ ವಾರ್ಷಿಕೋತ್ಸವಕ್ಕೆ ಡ್ಯಾನ್ಸ್‌ಗೆ ಹೆಸರು ಕೊಟ್ಟಿದ್ದಳು, ವಾಪಸ್ ತೆಗೆಸಿದಳು. ಲಂಗ ಬ್ಲೌಸ್ ಹಾಕಿದರೆ ತೋಳು ದಪ್ಪ ಕಾಣುತ್ತದಂತೆ.

ಶುರುವಾಗಿದ್ದು ನೆಂಟರ ಮದುವೆಯಲ್ಲಿ ಅಂತ ನನಗನ್ನಿಸುತ್ತದೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದರು. ನಮ್ಮ ಕಡೆಯ ಹಿರಿಯರೊಬ್ಬರು ‘ಇವಳಿಗೆ ಅರ್ಧ ಸಾಕಪ್ಪಾ, ಆಗಲೇ ಅವರಮ್ಮನ್ನ ಮೀರಿಸಿದ್ದಾಳೆ’ ಅಂದರು. ಸುತ್ತ ಕೂತವರೆಲ್ಲ ನಕ್ಕರು. ಅವಳೂ ನಕ್ಕಳು. ಎಲೆಯಲ್ಲಿ ಹೋಳಿಗೆ ಹಾಗೇ ಉಳಿಯಿತು.

ಎತ್ತರ 155 ಸೆಂಟಿಮೀಟರ್, ತೂಕ 49 ಕೆಜಿ. ‘ನೀನು ದಪ್ಪ ಇಲ್ಲ ಪುಟ್ಟಿ’ ಅಂದರೆ ‘ನೀನು ಅಮ್ಮ, ನೀನು ಹಾಗೇ ಹೇಳ್ತೀಯ’ ಅಂತಾಳೆ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಾ? ನೆಂಟರ ಬಾಯಿಗೆ ಏನು ಹೇಳಲಿ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಆಟದಮೈದಾನ (ಹಾಸನ):

ಅಕ್ಕ, ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ನಿಮ್ಮ ಮಗಳ ತರಹದ ಹುಡುಗಿಯರು ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ಗ್ರೌಂಡಿನಲ್ಲಿ ನೋಡಿದ್ದನ್ನು ಸಂಜೆ ಬಿಡುವಾದಾಗ ಬರೆಯುತ್ತೇನೆ. ಸದ್ಯಕ್ಕೆ ಇಷ್ಟೇ: ‘ಯಾಕೆ ತಿಂದಿಲ್ಲ’ ಅಂತ ದಿನಾ ಬಾಕ್ಸ್ ತೆಗೆದು ತನಿಖೆ ಮಾಡಬೇಡಿ. ಬಾಕ್ಸ್ ಖಾಲಿ ಬರುತ್ತದೆ, ಊಟ ಮಾತ್ರ ಶಾಲೆಯ ಡಸ್ಟ್‌ಬಿನ್‌ಗೆ ಹೋಗುತ್ತದೆ.

ರಾಗಿಮುದ್ದೆ (ತುಮಕೂರು):

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಬೇರೆ ಅಭಿಪ್ರಾಯ ಇದೆ. ನಮ್ಮ ಕಾಲದಲ್ಲಿ ಕರಿಯ, ಕಡ್ಡಿ, ಗುಂಡ ಅಂತ ಎಲ್ಲರನ್ನೂ ಕರೆಯುತ್ತಿದ್ದರು. ಯಾರೂ ಊಟ ಬಿಡಲಿಲ್ಲ. ಹಿರಿಯರು ಹೇಳುವುದು ಒಳ್ಳೆಯದಕ್ಕೇ ಅಲ್ವಾ? ಈಗ ಮಕ್ಕಳಿಗೇ ಶುಗರ್ ಬರುತ್ತಿದೆ. ಬೊಜ್ಜು ಬಂದ ಮೇಲೂ ಸುಮ್ಮನಿರಬೇಕಾ?

ಮೈಸೂರುಮಲ್ಲಿಗೆ (ಮೈಸೂರು):

ರಾಗಿಮುದ್ದೆಯವರೇ, ನನಗೀಗ 68. ನಿಮಗಿಂತ ಹಿಂದಿನ ಕಾಲ ನೋಡಿದವಳು. ಯಾರಿಗೂ ಏನೂ ಆಗಲಿಲ್ಲ ಅಂತ ನೀವು ಹೇಳುತ್ತೀರಿ. ನಮ್ಮನ್ನು ಯಾರೂ ಕೇಳಲಿಲ್ಲ, ಅಷ್ಟೇ.

ನನ್ನನ್ನು ನೋಡಲು ಬಂದವರು ಕಾಫಿ ಕುಡಿದು ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂಚೂರು ಕಮ್ಮಿ’ ಅಂತ ನಡುಮನೆಯಲ್ಲಿ ಕೂತೇ ಹೇಳಿದರು. ನಾನು ಅಡುಗೆಮನೆ ಬಾಗಿಲಲ್ಲಿ ಲೋಟದ ತಟ್ಟೆ ಹಿಡಿದು ನಿಂತಿದ್ದೆ. ಮೊಮ್ಮಕ್ಕಳಾದರೂ ಆ ಮಾತು ಮರೆತಿಲ್ಲ. ಫೋಟೋ ತೆಗೆಯುವಾಗ ಇವತ್ತಿಗೂ ಕೊನೆಗೆ ಹೋಗಿ ನಿಲ್ಲುತ್ತೇನೆ.

ಇನ್ನೊಂದು ಮಾತು. ಹುಡುಗಿ ದೊಡ್ಡವಳಾದಾಗ ನಾವೇ ಹಸೆ ಹಾಕಿ ಕೂರಿಸಿ ಆರತಿ ಮಾಡುತ್ತೇವೆ. ಚಿಗಳಿ, ತಂಬಿಟ್ಟು, ಕೊಬ್ಬರಿ ಬೆಲ್ಲ, ತುಪ್ಪ ತಿನ್ನಿಸಿ ‘ಸೊಂಟ ಗಟ್ಟಿಯಾಗಲಿ’ ಅಂತ ಹರಸುತ್ತೇವೆ. ವರ್ಷ ಕಳೆಯುವಷ್ಟರಲ್ಲಿ ಅದೇ ಹೆಂಗಸರು ಅದೇ ಸೊಂಟ ನೋಡಿ ‘ಏನೇ ಇದು, ಹೀಗಾಗಿದ್ದೀಯ’ ಅಂತಾರೆ. ಆ ಮಗು ಯಾವುದನ್ನು ನಂಬಬೇಕು?

ಬಿಳಿಕೋಟು (ಶಿವಮೊಗ್ಗ):

ನಾನು ಮಕ್ಕಳ ಡಾಕ್ಟರ್. ಮಲ್ಲಿಗೆ ಅಮ್ಮ ಹೇಳಿದ್ದರಲ್ಲಿ ವೈದ್ಯಶಾಸ್ತ್ರವೂ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಹುಡುಗಿಯರು ಸಾಮಾನ್ಯವಾಗಿ 12ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಹುಡುಗರಿಗೆ ಇದು ಸುಮಾರು ಎರಡು ವರ್ಷ ತಡ. ಎತ್ತರದ ವೇಗ ಇಳಿಯಲು ಶುರುವಾದ ಮೇಲೆ ಮುಟ್ಟು ಬರುತ್ತದೆ. ಆಮೇಲೆ ಹೆಚ್ಚಿನವರು ಸುಮಾರು ಐದರಿಂದ ಏಳು ಸೆಂಟಿಮೀಟರ್ ಬೆಳೆಯುತ್ತಾರೆ, ಅಷ್ಟೇ. ಆದರೆ ತೂಕ ಏರುವುದು ಮುಂದುವರಿಯುತ್ತದೆ. ಸೊಂಟ, ತೊಡೆ, ಎದೆಯಲ್ಲಿ ಕೊಬ್ಬು ಸೇರುತ್ತದೆ. ಈ ಕೊಬ್ಬು ಬೊಜ್ಜಲ್ಲ. ಮುಟ್ಟು ಸರಿಯಾಗಿ ಆಗಲು ಅದು ಬೇಕು. ತಿನ್ನುವುದನ್ನು ತೀರಾ ಕಡಿಮೆ ಮಾಡಿದರೆ ಮೊದಲು ನಿಲ್ಲುವ ವಿಷಯಗಳಲ್ಲಿ ಮುಟ್ಟೂ ಒಂದು. ಅಂದರೆ ಮೈ ಬದಲಾಗಲೇಬೇಕಾದ ಹೊತ್ತಿನಲ್ಲೇ ಎಲ್ಲರ ಕಣ್ಣು ಆ ಮೈ ಮೇಲೆ ಬೀಳುತ್ತದೆ.

ದಾವಣಗೆರೆಯವರೇ, ನೀವು ಕೊಟ್ಟ ಎತ್ತರ ತೂಕದ ಪ್ರಕಾರ ನಿಮ್ಮ ಮಗಳ ತೂಕ ವಯಸ್ಸಿಗೆ ಸರಿಯಾಗಿದೆ. ಮೊಬೈಲಿನಲ್ಲಿ ಸಿಗುವ ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ) ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ. ಮಕ್ಕಳ ಡಾಕ್ಟರುಗಳ ಸಂಘ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ನಮ್ಮ ದೇಶದ 5ರಿಂದ 18 ವರ್ಷದ ಮಕ್ಕಳಿಗೇ ಅಂತ ಬೆಳವಣಿಗೆಯ ಚಾರ್ಟ್ ಮಾಡಿದೆ, ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ. ಯಾವುದೇ ಮಕ್ಕಳ ಡಾಕ್ಟರ್ ಹತ್ತಿರ ಅದು ಇರುತ್ತದೆ. ಮಗಳಿಗೇ ಅದರ ಮೇಲೆ ಚುಕ್ಕೆ ಇಡಲು ಹೇಳಿ. ಅಮ್ಮನ ಮಾತು ನಂಬದ ಹುಡುಗಿ ತಾನೇ ಇಟ್ಟ ಚುಕ್ಕೆ ನಂಬುತ್ತಾಳೆ.

ಡಾಕ್ಟರಿಗೆ ತೋರಿಸಬೇಕಾ ಅಂತ ಕೇಳಿದ್ದೀರಿ. ತೋರಿಸಿ. ಊಟ ಬಿಡುವುದು ವಾರಗಟ್ಟಲೆ ನಡೆದಿದ್ದರೆ ಕಾಯುತ್ತಾ ಕೂರಬೇಡಿ. ತೂಕ ಇಳಿಯುತ್ತಿದ್ದರೆ, ಮೂರು ತಿಂಗಳಿಂದ ಮುಟ್ಟು ನಿಂತಿದ್ದರೆ, ತಲೆಸುತ್ತು ಬರುತ್ತಿದ್ದರೆ, ಊಟವಾದ ತಕ್ಷಣ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ, ಬೇಸಿಗೆಯಲ್ಲೂ ಚಳಿ ಚಳಿ ಅನ್ನುತ್ತಿದ್ದರೆ ಅದೇ ವಾರ ತೋರಿಸಿ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬಿದ್ದರೆ ಅವತ್ತೇ. ಇದು ಹಟವೂ ಅಲ್ಲ, ನಾಟಕವೂ ಅಲ್ಲ. ಊಟದ ಈ ಕಾಯಿಲೆಗಳು ಜೀವಕ್ಕೇ ಅಪಾಯ ತರಬಲ್ಲವು. ಬೇಗ ಹಿಡಿದರೆ ಚೆನ್ನಾಗಿ ಗುಣವಾಗುತ್ತವೆ.

ರಕ್ತವನ್ನೂ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಜನಕ್ಕೆ ರಕ್ತಹೀನತೆ ಇತ್ತು. ನಮ್ಮ ಹುಡುಗಿಯರು ಮೊದಲೇ ರಕ್ತ ಕಡಿಮೆ ಇರುವವರು. ಅದರ ಮೇಲೆ ಊಟ ಬಿಟ್ಟರೆ ಸುಸ್ತು, ಕೂದಲು ಉದುರುವುದು, ಓದಿದ್ದು ತಲೆಗೆ ಹತ್ತದಿರುವುದು ಎಲ್ಲ ಒಟ್ಟಿಗೆ ಬರುತ್ತವೆ. ಆಗ ‘ಈಗಿನ ಮಕ್ಕಳು ಸೋಮಾರಿಗಳು’ ಅಂತ ಇನ್ನೊಂದು ಮಾತು.

ರಾಗಿಮುದ್ದೆ ಸರ್, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳಲ್ಲಿ ಬೊಜ್ಜು, ಶುಗರ್ ಎರಡೂ ಇವೆ, ನನ್ನ ಕ್ಲಿನಿಕ್ಕಿಗೂ ಬರುತ್ತವೆ. ಆದರೆ ‘ಡುಮ್ಮಿ’ ಅನ್ನಿಸಿಕೊಂಡು ತೂಕ ಇಳಿಸಿದ ಮಗುವನ್ನು ನಾನು ನೋಡಿಲ್ಲ. ಅನ್ನಿಸಿಕೊಂಡವರು ಆಟಕ್ಕೆ ಹೋಗುವುದು ನಿಲ್ಲಿಸುತ್ತಾರೆ, ಕದ್ದು ತಿನ್ನುತ್ತಾರೆ. ತೂಕ ನಿಜವಾಗಿ ಜಾಸ್ತಿ ಇದ್ದರೆ ಮನೆಗೆ ಬರುವ ಚಿಪ್ಸ್, ಕೂಲ್‌ಡ್ರಿಂಕ್ಸ್ ಎಲ್ಲರಿಗೂ ನಿಲ್ಲಲಿ. ಸಂಜೆ ಮನೆಮಂದಿಯೆಲ್ಲ ನಡೆಯಲಿ. ಅಣ್ಣನಿಗೆ ಎರಡು ಕಜ್ಜಾಯ, ತಂಗಿಗೆ ಅರ್ಧ ಅನ್ನುವ ಲೆಕ್ಕ ಬೇಡ.

ಜೋಳದರೊಟ್ಟಿ (ಕಲಬುರಗಿ):

ಡಾಕ್ಟ್ರೇ, ನಾನೂ ಹೆಣ್ಣುಮಗಳ ತಂದೆ, ನನ್ನದೂ ಒಂದು ಪ್ರಶ್ನೆ. ಮಗಳಿಗೆ 13. ಕುತ್ತಿಗೆ ಹಿಂದೆ ಕಪ್ಪು ಪಟ್ಟಿ ಆಗಿದೆ. ಮನೆಯಲ್ಲಿ ಅವರಜ್ಜಿ ‘ಕೊಳೆ, ಸರಿಯಾಗಿ ಸ್ನಾನ ಮಾಡಲ್ಲ’ ಅಂತ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜುತ್ತಾರೆ. ತೆಂಗಿನ ನಾರಿನಿಂದಲೂ ಉಜ್ಜಿದ್ದಾಯಿತು. ಚರ್ಮ ಕೆಂಪಾಗಿ ಉರಿಯುತ್ತದೆ, ಕಪ್ಪು ಹೋಗುವುದಿಲ್ಲ. ಶಾಲೆಯಲ್ಲಿ ಹಿಂದಿನ ಬೆಂಚಿನವರು ಆಡಿಕೊಳ್ಳುತ್ತಾರೆ ಅಂತ ಜಡೆ ಬಿಟ್ಟುಕೊಂಡೇ ಹೋಗುತ್ತೇನೆ ಅಂತಾಳೆ, ಶಾಲೆಯಲ್ಲಿ ಎರಡು ಜಡೆ ಕಡ್ಡಾಯ. ದಿನಾ ಬೆಳಗ್ಗೆ ಜಗಳ.

ಬಿಳಿಕೋಟು (ಶಿವಮೊಗ್ಗ):

ಉಜ್ಜುವುದನ್ನು ಇವತ್ತೇ ನಿಲ್ಲಿಸಿ, ದಯವಿಟ್ಟು. ನೀವು ಹೇಳುವುದನ್ನು ಕೇಳಿದರೆ ಅದು ಕೊಳೆ ಅಲ್ಲ. ಹೆಚ್ಚಿನಂಶ ಅಕ್ಯಾಂಥೋಸಿಸ್ ಅಂತ ಕರೆಯುವ ಸ್ಥಿತಿ. ಚರ್ಮ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪಗಿರುತ್ತದೆ. ಕಂಕುಳಲ್ಲೂ ಇರಬಹುದು, ನೋಡಿ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಅದರ ಪ್ರಮಾಣ ಏರುತ್ತದೆ, ಆಗ ಚರ್ಮ ಹೀಗಾಗುತ್ತದೆ. ಕಾರಣ ಒಳಗಿದೆ. ನಿಂಬೆಹಣ್ಣಿಗೆ ಹೋಗುವುದಿಲ್ಲ. ಉಜ್ಜಿದಷ್ಟೂ ಇನ್ನೂ ಕಪ್ಪಾಗುತ್ತದೆ.

ಶುಗರ್ ಪರೀಕ್ಷೆ ಮಾಡಿಸಿ. ಊಟ, ಆಟ, ನಿದ್ದೆ ಸರಿಯಾದರೆ ನಿಧಾನವಾಗಿ ಕಡಿಮೆಯಾಗುತ್ತದೆ. ಮುಟ್ಟು ಹಿಂದೆ ಮುಂದೆ ಆಗುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ಆದರೆ ಒಂದು ಎಚ್ಚರಿಕೆ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ತಿಂಗಳು ತಪ್ಪುವುದು ಸಾಮಾನ್ಯ. ಸ್ಕ್ಯಾನ್‌ನಲ್ಲಿ ಅಂಡಾಶಯದಲ್ಲಿ ಗುಳ್ಳೆ ಕಂಡಿತು ಅಂತ ಎಳೆಯ ಹುಡುಗಿಗೆ ‘ಪಿಸಿಓಡಿ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇದೆ’ ಅಂತ ಹಣೆಪಟ್ಟಿ ಹಚ್ಚಬಾರದು. ಮುಟ್ಟು ಶುರುವಾಗಿ 8 ವರ್ಷ ಆಗುವ ತನಕ ಸ್ಕ್ಯಾನ್ ನೋಡಿ ಅದನ್ನು ತೀರ್ಮಾನಿಸಬೇಡಿ ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ.

ಅಜ್ಜಿಗೆ ಕೋಪ ಮಾಡಬೇಡಿ. ‘ಡಾಕ್ಟರ್ ಹೇಳಿದ್ದಾರೆ, ಇದು ಶುಗರಿನ ಸೂಚನೆಯಂತೆ’ ಅಂತ ಹೇಳಿ. ಅವರಿಗೂ ಮೊಮ್ಮಗಳ ಮೇಲಿನ ಕಾಳಜಿಯೇ ಅಲ್ವಾ?

ಹಾಸ್ಟೆಲ್‌ಕಿಟಕಿ (ಧಾರವಾಡ):

ನನಗೆ 19, ಡಿಗ್ರಿ ಎರಡನೇ ವರ್ಷ. ಇಲ್ಲಿ ಬರೆಯುವವರೆಲ್ಲ ಅಪ್ಪ ಅಮ್ಮಂದಿರು, ಹುಡುಗಿಯರ ಕಡೆಯಿಂದ ನಾನು ಬರೆಯುತ್ತೇನೆ.

ನನ್ನದು ಬಣ್ಣದ ಕಥೆ. 10ನೇ ಕ್ಲಾಸಿನಲ್ಲಿ ಮೆಡಿಕಲ್ ಶಾಪಿನಲ್ಲಿ ಒಂದು ಸಣ್ಣ ಟ್ಯೂಬ್ ಕೊಟ್ಟರು. ಚೀಟಿ ಕೇಳಲಿಲ್ಲ. ‘ರಾತ್ರಿ ಹಚ್ಚಿಕೋ, ಹದಿನೈದು ದಿನದಲ್ಲಿ ಬೆಳ್ಳಗಾಗ್ತೀಯ’ ಅಂದರು. ನಿಜವಾಗಿಯೂ ಬೆಳ್ಳಗಾದೆ. ಎಲ್ಲರೂ ‘ಏನು ಹಚ್ಚುತ್ತೀಯ’ ಅಂತ ಕೇಳಿದರು. ನನಗೆ ಸ್ವರ್ಗ. ಆಮೇಲೆ ಬಿಸಿಲಿಗೆ ಹೋದರೆ ಮುಖ ಉರಿ, ಕೆನ್ನೆ ತುಂಬ ಕೆಂಪು ಗುಳ್ಳೆ, ಗಲ್ಲದ ಮೇಲೆ ಕೂದಲು. ಹಚ್ಚುವುದು ಬಿಟ್ಟರೆ ಇನ್ನೂ ಜಾಸ್ತಿ. ಚರ್ಮದ ಡಾಕ್ಟರ್ ನೋಡಿ ‘ಇದು ಸ್ಟೀರಾಯ್ಡ್’ ಅಂದರು. ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿದೆಯಂತೆ. ಸರಿಯಾಗಲು ತುಂಬಾ ಕಾಲ ಬೇಕಾಯಿತು.

ಒಂದು ಕಂಪನಿ 1975ರಿಂದ ‘ಫೇರ್ ಅಂಡ್ ಲವ್ಲಿ’ ಅಂತ ಮಾರಿ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಅಂತ ಹೆಸರು ಬದಲಿಸಿತು. ನಮ್ಮ ಮನೆಗಳಲ್ಲಿ ಮಾತು ಬದಲಾಗಿಲ್ಲ. ಸಂಬಂಧ ನೋಡುವಾಗ ಈಗಲೂ ಬಯೋಡೇಟಾದಲ್ಲಿ ಮೈಬಣ್ಣ ಬರೆಯುತ್ತಾರೆ. ಎಣ್ಣೆಗೆಂಪು ಅಂತಲೋ ಗೋಧಿಬಣ್ಣ ಅಂತಲೋ.

ಮೊಬೈಲ್ ಬಗ್ಗೆಯೂ ಹೇಳಬೇಕು. ರೀಲ್ಸ್‌ನಲ್ಲಿ ಕಾಣುವ ಮುಖ ಯಾರದ್ದೂ ಅಲ್ಲ, ಇದು ನಮಗೆ ಗೊತ್ತಿಲ್ಲ ಅಂತ ದೊಡ್ಡವರು ಅಂದುಕೊಂಡಿದ್ದಾರೆ. ಗೊತ್ತಿದೆ. ಸೊಂಟ ಸಣ್ಣ ಮಾಡುವ ಆ್ಯಪ್ ನಮ್ಮ ಫೋನಿನಲ್ಲೂ ಇದೆ. ಗೊತ್ತಿದ್ದೂ ನೋಡಿದ ಮೇಲೆ ಮನಸ್ಸು ಸಪ್ಪೆಯಾಗುತ್ತದೆ. ಇನ್‌ಸ್ಟಾಗ್ರಾಂ ನಡೆಸುವ ಕಂಪನಿಯೇ ಮಾಡಿದ ಒಳಗಿನ ಅಧ್ಯಯನ 2021ರಲ್ಲಿ ಹೊರಬಿತ್ತು. ತಮ್ಮ ಮೈ ಬಗ್ಗೆ ಬೇಜಾರಿದ್ದ ಹುಡುಗಿಯರಲ್ಲಿ ಶೇ. 32 ಜನ, ಇನ್‌ಸ್ಟಾಗ್ರಾಂ ನೋಡಿದರೆ ಆ ಬೇಜಾರು ಹೆಚ್ಚುತ್ತದೆ ಅಂದಿದ್ದರು. ಆದರೆ ಫೋನ್ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತದೆ ಅಂತ ತಿಳಿಯಬೇಡಿ. ರೀಲ್ಸ್ ನೋಡಿ ಬಂದ ಬೇಜಾರನ್ನು ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಿರಬೇಕು. ಅವರೇ ‘ಊದಿಕೊಂಡಿದ್ದೀಯಲ್ಲೇ’ ಅಂದರೆ ಹುಡುಗಿ ಹೋಗುವುದೆಲ್ಲಿಗೆ?

ಬಿಳಿಕೋಟು (ಶಿವಮೊಗ್ಗ):

ಮಗಳೇ, ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. ನಿನ್ನ ಪೋಸ್ಟ್ ಓದಿ ಒಬ್ಬಳು ಆ ಟ್ಯೂಬ್ ಬಿಸಾಕಿದರೂ ಸಾಕು. ಈಗಾಗಲೇ ಬಹಳ ಕಾಲದಿಂದ ಹಚ್ಚುತ್ತಿರುವವರು ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಹಾಗೆ ಬಿಡಿ. ಹೆಸರು ವಿಳಾಸ ಇಲ್ಲದ ಕ್ರೀಮುಗಳು ಇನ್ನೂ ಅಪಾಯ. ಕೆಲವದರಲ್ಲಿ ಪಾದರಸ ಇರುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮ್ ಹಚ್ಚಿದವರಲ್ಲಿ ಕಿಡ್ನಿ ತೊಂದರೆ ಪತ್ತೆಯಾಗಿತ್ತು.

ಟಿವಿ, ಮೊಬೈಲಿನ ಮಾತು ಬಂತಲ್ಲ. ಫಿಜಿ ದ್ವೀಪದ ಒಂದು ಅಧ್ಯಯನ ಎಲ್ಲರೂ ತಿಳಿಯಬೇಕಾದ್ದು. ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ, ಚೆನ್ನಾಗಿ ಉಣ್ಣುವುದೇ ಮರ್ಯಾದೆ. ನದ್ರೋಗ ಅನ್ನುವ ಕಡೆ 1995ರಲ್ಲಿ ಟಿವಿ ಬಂತು. ಆಗ ಕೇಳಿದಾಗ ತೂಕ ಇಳಿಸಲು ಬೇಕೆಂದೇ ವಾಂತಿ ಮಾಡುವ ಹುಡುಗಿ ಒಬ್ಬಳೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ಶೇ. 11ರಷ್ಟು ಹುಡುಗಿಯರು ಹೌದು ಅಂದರು. ಮೂರೇ ವರ್ಷದಲ್ಲಿ. ಅಂಥ ಊರಲ್ಲೇ ಹೀಗಾದರೆ, ಬಣ್ಣ, ಮೈಕಟ್ಟನ್ನು ಮೊದಲೇ ತೂಗಿ ನೋಡುವ ನಮ್ಮಲ್ಲಿ ಹೇಗಿರಬೇಡ?

ಆಟದಮೈದಾನ (ಹಾಸನ):

ಬಿಡುವು ಸಿಕ್ಕಿತು, ಬರೆಯುತ್ತೇನೆ.

7ನೇ ಕ್ಲಾಸಿನ ತನಕ ಹುಡುಗಿಯರು ಕೊಕ್ಕೊ, ಥ್ರೋಬಾಲ್ ಅಂತ ಜೀವ ಬಿಡುತ್ತಾರೆ. 8ಕ್ಕೆ ಬಂದ ಮೇಲೆ ಗೋಡೆ ಪಕ್ಕ ಕೂರುವವರು ಹೆಚ್ಚುತ್ತಾರೆ. ‘ಹೊಟ್ಟೆನೋವು ಮಿಸ್’. ತಿಂಗಳಿಗೆ ನಾಲ್ಕು ಸಲ ಹೊಟ್ಟೆನೋವು. ಮಾರ್ಚ್ ಬಿಸಿಲಲ್ಲಿ ಜರ್ಕಿನ್ ಹಾಕಿಕೊಂಡು, ಬೆನ್ನು ಬಾಗಿಸಿಕೊಂಡು ಬರುತ್ತಾರೆ. ಹತ್ತಿರ ಕೂತು ಕೇಳಿದರೆ ಗೊತ್ತಾಗುತ್ತದೆ. ಓಡಿದರೆ ಎದೆ ಅಲುಗುತ್ತದೆ, ಹುಡುಗರು ನೋಡಿ ನಗುತ್ತಾರೆ. ಅಳತೆಗೆ ಸರಿಯಾದ ಬ್ರಾ ಇಲ್ಲ. ಅಮ್ಮನನ್ನು ಕೇಳಲು ನಾಚಿಕೆ, ಅಮ್ಮನಿಗೆ ಹೇಳಲು ನಾಚಿಕೆ. ಇದೊಂದು ವಿಷಯಕ್ಕೆ ಎಷ್ಟೋ ಒಳ್ಳೆಯ ಆಟಗಾರ್ತಿಯರು ಆಟ ಬಿಟ್ಟಿದ್ದಾರೆ. ತಾಯಂದಿರೇ, ದಯವಿಟ್ಟು ಮಗಳ ಜೊತೆ ಅಂಗಡಿಗೆ ಹೋಗಿ. ಅಂದಾಜಿನ ಮೇಲೆ ತಂದುಕೊಡಬೇಡಿ.

ಸಣ್ಣಗಿರುವವರಿಗೂ ಸುಖ ಇಲ್ಲ. ‘ಕಡ್ಡಿ’, ‘ಗಾಳಿ ಬಂದ್ರೆ ಹಾರಿಹೋಗ್ತಾಳೆ’ ಅಂತ ಅವರನ್ನೂ ಬಿಡುವುದಿಲ್ಲ.

ಇನ್ನೊಂದು, ಶಾಲೆಯವರು ನಾವು ಸರಿ ಮಾಡಬೇಕಾದ್ದು. ಹೆಲ್ತ್ ಚೆಕಪ್ ದಿನ ತೂಕದ ಯಂತ್ರವನ್ನು ಕ್ಲಾಸಿನ ಎದುರಿಗೇ ಇಡುತ್ತಾರೆ. ಒಬ್ಬರು ತೂಕ ಕೂಗುತ್ತಾರೆ, ಇನ್ನೊಬ್ಬರು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ‘ಐವತ್ತೆಂಟು!’ ಅಂದರೆ ಇಡೀ ಕ್ಲಾಸು ಓ ಅನ್ನುತ್ತದೆ. ಆ ಹುಡುಗಿಗೆ ವರ್ಷವಿಡೀ ಅದೇ ಹೆಸರು. ಯೂನಿಫಾರ್ಮ್ ಹೊಲಿಯಲು ಟೈಲರ್ ಅಳತೆ ತೆಗೆಯುವಾಗಲೂ ಇದೇ ಕಥೆ. ನಮ್ಮಲ್ಲಿ ಈಗ ಯಂತ್ರವನ್ನು ಸ್ಟಾಫ್ ರೂಮಿನ ಪಕ್ಕದ ಕೋಣೆಯಲ್ಲಿ ಇಡುತ್ತೇವೆ. ಒಬ್ಬೊಬ್ಬರಾಗಿ ಒಳಗೆ ಬರಬೇಕು, ಬಾಗಿಲು ಮುಚ್ಚಿರುತ್ತದೆ, ತೂಕವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಮಂಜಿನೂರು (ಇಂಗ್ಲೆಂಡ್):

ಟೀಚರ್ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಎತ್ತರ ತೂಕವನ್ನು ಎರಡು ಸಲ ನೋಡುತ್ತಾರೆ, ಶಾಲೆಗೆ ಸೇರಿದ ವರ್ಷ ಮತ್ತು 10-11ನೇ ವಯಸ್ಸಿನಲ್ಲಿ. ಬೇರೆ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಅಳೆಯಬೇಕು. ಫಲಿತಾಂಶವನ್ನು ಶಿಕ್ಷಕರಿಗಾಗಲಿ ಬೇರೆ ಮಕ್ಕಳಿಗಾಗಲಿ ಹೇಳುವುದಿಲ್ಲ, ತಂದೆತಾಯಿಗೆ ತಿಳಿಸುತ್ತಾರೆ. ಬೇಡ ಅನ್ನುವ ಹಕ್ಕೂ ನಮಗಿದೆ. ಹಾಗಂತ ಇಲ್ಲಿನ ಹುಡುಗಿಯರು ಸುಖವಾಗಿದ್ದಾರೆ ಅಂತ ಅಲ್ಲ, ಇಲ್ಲೂ ಇದೇ ಗೋಳು. ನನ್ನ ಮಗಳಿಗೆ ಶಾಲೆಗಿಂತ ಕಷ್ಟ ಆಗುವುದು ಊರಿಗೆ ಮಾಡುವ ವಿಡಿಯೊ ಕಾಲ್. ಅಜ್ಜಿ ತಾತ ಫೋನ್ ಎತ್ತಿದ ತಕ್ಷಣ ಮೊದಲ ಮಾತು ‘ಸೊರಗಿದ್ದೀಯ’ ಅಥವಾ ‘ದುಂಡಗಾಗಿದ್ದೀಯ’. ಪ್ರೀತಿಯಿಂದಲೇ ಹೇಳುತ್ತಾರೆ. ಅವಳು ಕ್ಯಾಮೆರಾ ಆಫ್ ಮಾಡಿ ಮಾತಾಡುತ್ತಾಳೆ.

ಜೋಳದರೊಟ್ಟಿ (ಕಲಬುರಗಿ):

ಉಜ್ಜುವುದು ನಿಂತಿದೆ. ನಾಳೆ ರಕ್ತ ಪರೀಕ್ಷೆ. ಟೀಚರ್ ಬರೆದದ್ದು ಓದಿ ಮಗನನ್ನೂ ಕೂರಿಸಿಕೊಂಡು ಮಾತಾಡಿದೆ. ಮನೆಯಲ್ಲಿ ಅಕ್ಕನಿಗೆ ಅಡ್ಡಹೆಸರು ಇಡುವವನು ಶಾಲೆಯಲ್ಲಿ ಬೇರೆಯವರ ಅಕ್ಕತಂಗಿಯರಿಗೂ ಇಡುತ್ತಾನೆ. ಈ ಕೆಲಸ ತಾಯಂದಿರಿಗಿಂತ ತಂದೆಯರು ಮಾಡಿದರೆ ಹುಡುಗರ ಕಿವಿಗೆ ಬೇಗ ಬೀಳುತ್ತದೆ ಅಂತ ನನ್ನ ಅನಿಸಿಕೆ.

ರಾಗಿಮುದ್ದೆ (ತುಮಕೂರು):

ಎಲ್ಲ ಓದಿದೆ. ಶುಗರ್ ಬಗ್ಗೆ ನನ್ನ ಕಾಳಜಿ ಹಾಗೇ ಇದೆ. ಆದರೆ ಡಾಕ್ಟರ್ ಹೇಳಿದ ‘ಮನೆಯವರೆಲ್ಲ ಒಟ್ಟಿಗೆ’ ಅನ್ನುವುದು ಒಪ್ಪುವಂಥದ್ದು.

ಬೆಣ್ಣೆದೋಸೆ (ದಾವಣಗೆರೆ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನು ಎರಡೇ ಪ್ರಶ್ನೆ. ಮುಂದಿನ ವಾರ ಮನೆಯಲ್ಲಿ ಪೂಜೆ, ಅದೇ ನೆಂಟರು ಬರುತ್ತಾರೆ. ಮತ್ತೆ ಅದೇ ಮಾತು ಬಂದರೆ? ಮತ್ತೆ, ಮಗಳನ್ನು ಹೆದರಿಸದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು ಹೇಗೆ?

ಮೈಸೂರುಮಲ್ಲಿಗೆ (ಮೈಸೂರು):

ಪೂಜೆಗೆ ಮುಂಚೆಯೇ ಅವರಿಗೆ ಫೋನ್ ಮಾಡು ಮಗಳೇ. ‘ದೊಡ್ಡಮ್ಮ, ಮಗು ಊಟ ಬಿಟ್ಟಿದ್ದಾಳೆ, ಡಾಕ್ಟರಿಗೆ ತೋರಿಸ್ತಿದ್ದೀವಿ. ಮೈ ಬಗ್ಗೆ ಯಾರೂ ಮಾತಾಡಬಾರದು ಅಂದಿದ್ದಾರೆ. ನೀವೇ ಉಳಿದವರಿಗೂ ಹೇಳಬೇಕು’ ಅಂತ ಹೇಳು. ಹಿರಿಯರಿಗೆ ಜವಾಬ್ದಾರಿ ಕೊಟ್ಟರೆ ಕಾವಲಿಗೇ ನಿಲ್ಲುತ್ತಾರೆ. ಆಮೇಲೂ ಯಾರಾದರೂ ಬಾಯಿಬಿಟ್ಟರೆ ಅಲ್ಲೇ, ಮಗಳ ಎದುರಿಗೇ, ‘ನಮ್ಮ ಮನೇಲಿ ಆ ಮಾತು ಬೇಡ’ ಅಂತ ಹೇಳಿಬಿಡು. ನೆಂಟರು ಮುನಿಸಿಕೊಂಡರೂ ಪರವಾಗಿಲ್ಲ. ಅಮ್ಮ ನನ್ನ ಕಡೆ ಮಾತಾಡಿದಳು ಅನ್ನುವುದು ಅವಳಿಗೆ ಗೊತ್ತಾಗಬೇಕು.

ಬಿಳಿಕೋಟು (ಶಿವಮೊಗ್ಗ):

ಅಮ್ಮ ಹೇಳಿದ ಹಾಗೆಯೇ ಮಾಡಿ.

ಡಾಕ್ಟರ್ ವಿಷಯಕ್ಕೆ ‘ನೀನು ತಿನ್ನುತ್ತಿಲ್ಲ, ಅದಕ್ಕೆ’ ಅನ್ನಬೇಡಿ. ‘ಸುಸ್ತಾಗಿ ಕಾಣ್ತೀಯ, ರಕ್ತ ಎಷ್ಟಿದೆ ನೋಡಿಸೋಣ, ನಾನೂ ನೋಡಿಸ್ಕೋತೀನಿ’ ಅನ್ನಿ. ಅಲ್ಲಿ ಹೋದ ಮೇಲೆ ಸ್ವಲ್ಪ ಹೊತ್ತು ನೀವು ಹೊರಗೆ ಕೂರಿ, ಅವಳೊಬ್ಬಳೇ ಡಾಕ್ಟರ್ ಜೊತೆ ಮಾತಾಡಲಿ. ಅಮ್ಮನ ಎದುರು ಹೇಳದ್ದನ್ನು ಆಗ ಹೇಳುತ್ತಾರೆ. ಜಿಲ್ಲಾ, ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇರುತ್ತದೆ, ಆಪ್ತಸಮಾಲೋಚಕರು ಸಿಗುತ್ತಾರೆ. ರಾತ್ರಿ ಹೊತ್ತು ಮಗಳು ತುಂಬಾ ಕುಗ್ಗಿದ್ದಾಳೆ ಅನ್ನಿಸಿದರೆ, ಅಥವಾ ಬದುಕೇ ಬೇಡ ಅನ್ನುವಂಥ ಮಾತು ಬಂದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅಂಥ ಹೊತ್ತಿನಲ್ಲಿ ಅವಳನ್ನು ಒಬ್ಬಳೇ ಬಿಡಬೇಡಿ.

ಆಟದಮೈದಾನ (ಹಾಸನ):

ವಾರ್ಷಿಕೋತ್ಸವಕ್ಕೆ ಇನ್ನೂ ದಿನ ಇದ್ದರೆ ಡ್ಯಾನ್ಸ್ ಟೀಚರ್ ಹತ್ತಿರ ಗುಟ್ಟಾಗಿ ಮಾತಾಡಿ ಅಕ್ಕ. ಬ್ಲೌಸಿಗೆ ಮೊಣಕೈ ತನಕ ತೋಳು ಇಡಿಸಬಹುದು. ಅವಳೊಬ್ಬಳಿಗೆ ಅಲ್ಲ, ಇಡೀ ತಂಡಕ್ಕೆ. ಟೈಲರಿಗೆ ಕೊಡುವ ಮುಂಚೆ ಹೇಳಿದರೆ ಯಾರಿಗೂ ತೊಂದರೆ ಆಗುವುದಿಲ್ಲ.